ಅಪ್‌ಡೇಟ್: ಹಳೆಯ ಮನೆಯ ಅಟ್ಟದ ನೆಲ ಮತ್ತು ತಲೆಯೆತ್ತರ

ಇಂಗ್ಲೆಂಡಿನ ನಮ್ಮ ವಿಕ್ಟೋರಿಯನ್ ಕಾಲದ ಸಾಲುಮನೆಯ ಅಟ್ಟವನ್ನು ಮಲಗುವ ಕೋಣೆಯಾಗಿಸಲು ಈಗಿರುವ ತೊಲೆಗಳು ಸಾಕೇ ಎಂದು ಕೇಳಿದ್ದೆ. ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ, ಸಾಲದು ಎಂದಿದ್ದಾರೆ. 100 ಮಿ.ಮೀ. ಆಳದ ಆ ತೊಲೆಗಳು ಕೆಳಗಿನ ಸೀಲಿಂಗನ್ನು ಹೊರುವುದಕ್ಕಷ್ಟೇ ಹಾಕಿದವು, ವಾಸದ ನೆಲಕ್ಕಾದರೋ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ ಭಾರದ ಲೆಕ್ಕ ಹಿಡಿಯಬೇಕು. ಆದ್ದರಿಂದ ಹಳೆಯವುಗಳ ನಡುವೆ 200 ಮಿ.ಮೀ. ಆಳದ ಹೊಸ ತೊಲೆಗಳನ್ನು, ಕೆಳಗಿನ ಸುಣ್ಣದ ಗಾರೆಗೆ (ಅದು ಈಗಾಗಲೇ ಬಿರುಕು ಬಿಟ್ಟಿದೆ) ತಾಗದಂತೆ ತುಸು ಎತ್ತರಿಸಿ, ಪಕ್ಕದ ಗೋಡೆಗಳ ಮೇಲೆ ಕೂರುವ ಉಕ್ಕಿನ ತೊಲೆಗಳಿಗೆ ಸೇರಿಸಲಾಗುತ್ತದೆ. ನೆಲ ಏರಿದಷ್ಟೂ ತಲೆಯೆತ್ತರ ಇಳಿಯುತ್ತದೆ. ಕೋಣೆಗೆ ಕನಿಷ್ಠ ಎತ್ತರದ ನಿಯಮವಿಲ್ಲ. ಮೆಟ್ಟಿಲ ಮೇಲೆ ಮಾತ್ರ 2 ಮೀಟರ್ ಬೇಕು, ಅಷ್ಟು ಜಾಗವಿಲ್ಲದ ಅಟ್ಟಗಳಲ್ಲಿ ಮೆಟ್ಟಿಲಿನ ಮಧ್ಯಕ್ಕೆ 1.9, ಇಳಿಜಾರಿನ ಬದಿಗೆ 1.8 ಮೀಟರ್ ಇದ್ದರೂ ಒಪ್ಪುತ್ತಾರೆ. ಹಾಗಾಗಿ ಮೆಟ್ಟಿಲನ್ನು ಸೂರಿನಂಚಿನ ಬದಲು ಮಾಡಿನ ನೆತ್ತಿಯ ಕೆಳಗೇ ಏರಿಸುತ್ತಿದ್ದೇವೆ.