ಸಿಗ್ನಲ್ ಇಲ್ಲದ ಕಡೆ ಫೋನಿನಲ್ಲೇ ದಾರಿ ನೋಡುವುದು: ಯಾವ ನಕ್ಷೆ, ಯಾವ ಫೈಲ್?

ಪ್ರಶ್ನೆ
ಎರಡು ದಿನದ ಕಾಡುದಾರಿಯ ಚಾರಣಕ್ಕೆ ಹೊರಟಿದ್ದೇವೆ. ಅಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ದಾರಿ ಬಲ್ಲವರು ಮೂರು ಫೈಲ್ ಕಳಿಸಿದ್ದಾರೆ: ಜಿಪಿಎಕ್ಸ್, ಕೆಎಂಜೆಡ್, ಮತ್ತು ಹಳೆಯ ಮುದ್ರಿತ ನಕ್ಷೆಯ ಪಿಡಿಎಫ್. ನಮ್ಮಲ್ಲಿರುವುದು ಆಂಡ್ರಾಯ್ಡ್ ಫೋನ್ ಮಾತ್ರ. ಯಾವುದನ್ನು ಬಳಸಬೇಕು? ಸಿಗ್ನಲ್ ಇಲ್ಲದೆ ಜಿಪಿಎಸ್ ಕೆಲಸ ಮಾಡುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1
ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಖಂಡಿತ ಕೆಲಸ ಮಾಡುತ್ತದೆ. ಉಪಗ್ರಹಗಳು ಕಳಿಸಿದ್ದನ್ನು ಫೋನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಸಿಮ್ ತೆಗೆದಿಟ್ಟರೂ ನೀವಿರುವ ಜಾಗ ತಿಳಿಯುತ್ತದೆ.

ವ್ಯತ್ಯಾಸ ಆಗುವುದು ಆರಂಭದಲ್ಲಿ. ಇಂಟರ್ನೆಟ್ ಇದ್ದರೆ ಯಾವ ಉಪಗ್ರಹ ಎಲ್ಲಿದೆ ಎಂಬ ವಿವರ ಅದರಿಂದಲೇ ಬಂದುಬಿಡುತ್ತದೆ, ಕೆಲವೇ ಸೆಕೆಂಡಿನಲ್ಲಿ ಜಾಗ ಸಿಗುತ್ತದೆ. ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ಪಡೆಯಬೇಕು, ಅದು ಬರುವುದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ. ಒಂದು ಉಪಗ್ರಹದ ಕಕ್ಷೆಯ ವಿವರ ಒಂದು ಸುತ್ತು ಬರಲು 30 ಸೆಕೆಂಡು ಬೇಕು. ನಡುವೆ ಮರ, ಬಂಡೆ ಮರೆಯಾಗಿ ಕಡಿದುಹೋದರೆ ಮುಂದಿನ ಸುತ್ತಿಗೆ ಕಾಯಬೇಕು. ಆದ್ದರಿಂದ ನಡೆಯುತ್ತಾ ಹುಡುಕಿಸಬೇಡಿ. ಆಕಾಶ ತೆರೆದಿರುವ ಕಡೆ ಎರಡು ಮೂರು ನಿಮಿಷ ಅಲ್ಲಾಡದೆ ನಿಲ್ಲಿ. ಈ ವಿವರ ಸುಮಾರು 4 ಗಂಟೆ ಮಾತ್ರ ಬಾಳುತ್ತದೆ, ರಾತ್ರಿ ಫೋನ್ ಆರಿಸಿದ್ದರೆ ಬೆಳಿಗ್ಗೆ ಮತ್ತೆ ನಿಂತು ಕಾಯಬೇಕಾಗುತ್ತದೆ.

ಉತ್ತರ 2
ಫೈಲ್‌ಗಳ ವಿಷಯ. ಕೆಳಗೆ ಹಾಸಿರುವ ನಕ್ಷೆ ಬೇರೆ, ಅದರ ಮೇಲಿನ ಗೆರೆ ಬೇರೆ. ಜಿಪಿಎಕ್ಸ್‌ನಲ್ಲಿರುವುದು ಗೆರೆ ಮತ್ತು ಗುರುತುಗಳು ಮಾತ್ರ, ಕೆಎಂಜೆಡ್‌ನಲ್ಲೂ ಬಹುಪಾಲು ಹಾಗೆಯೇ. ತೆರೆದಾಗ ಖಾಲಿ ಹಿನ್ನೆಲೆಯಲ್ಲಿ ಬರೀ ಗೆರೆ ಕಂಡರೆ ಫೈಲ್ ಕೆಟ್ಟಿಲ್ಲ, ಆ ಪ್ರದೇಶದ ನಕ್ಷೆ ಇಳಿಸಿಕೊಂಡಿಲ್ಲ ಎಂದರ್ಥ.

ನಿಮಗೆ ಜಿಪಿಎಕ್ಸ್ ಒಳ್ಳೆಯದು. ಆದರೆ ಅದರೊಳಗೆ ಏನಿದೆ ನೋಡಿಕೊಳ್ಳಿ: ವೇಪಾಯಿಂಟ್ (ಒಂದೊಂದೇ ಜಾಗದ ಗುರುತು), ರೂಟ್, ಟ್ರ್ಯಾಕ್ ಎಂದು ಮೂರು ಬಗೆ. ಟ್ರ್ಯಾಕ್ ಎಂದರೆ ಸಾಮಾನ್ಯವಾಗಿ ಯಾರೋ ನಡೆದಂತೆಯೇ ದಾಖಲಾದ ನೂರಾರು ಬಿಂದುಗಳ ಗೆರೆ, ಆ್ಯಪ್ ಅದನ್ನು ಇದ್ದಂತೆ ತೋರಿಸುತ್ತದೆ. ರೂಟ್‌ನಲ್ಲಿ ಕೆಲವೇ ತಿರುವುಗಳಿರುತ್ತವೆ. ನಡುವಿನ ದಾರಿಯನ್ನು ಕೆಲವು ಆ್ಯಪ್‌ಗಳು ತಮ್ಮ ನಕ್ಷೆ ನೋಡಿ ತಾವೇ ಲೆಕ್ಕ ಹಾಕುತ್ತವೆ, ಕೆಲವು ನೇರ ಗೆರೆ ಎಳೆಯುತ್ತವೆ. ಕಾಡಿನಲ್ಲಿ ಎರಡೂ ಅಪಾಯ. ರೂಟ್ ಮಾತ್ರ ಇದ್ದರೆ, ಟ್ರ್ಯಾಕ್ ಇರುವ ಫೈಲನ್ನೇ ಕೇಳಿ ಪಡೆಯಿರಿ.

ಕೆಎಂಜೆಡ್ ಎಂದರೆ ಜಿಪ್ ಮಾಡಿದ ಕೆಎಂಎಲ್, ಅಂದರೆ ಗೂಗಲ್ ಅರ್ಥ್‌ನಂಥವು ಬಳಸುವ ಗೆರೆ, ಗುರುತುಗಳ ಫೈಲ್. ಗೂಗಲ್ ಮೈ ಮ್ಯಾಪ್ಸ್‌ನಿಂದ ತೆಗೆಯುವಾಗ ನೆಟ್‌ವರ್ಕ್ ಲಿಂಕ್ ಆಯ್ಕೆ ಮಾಡಿದ್ದರೆ ಒಳಗೆ ಇರುವುದು ಒಂದು ಕೊಂಡಿ ಮಾತ್ರ. ಮನೆಯಲ್ಲಿ ಚೆನ್ನಾಗಿ ತೆರೆಯುತ್ತದೆ, ಕಾಡಿನಲ್ಲಿ ಏನೂ ಬರುವುದಿಲ್ಲ. ಫೈಲ್ ಎರಡು ಮೂರು ಕೆಬಿ ಮಾತ್ರ ಇದ್ದರೆ ಅನುಮಾನಪಡಿ. ಪರೀಕ್ಷೆ ಸುಲಭ: ಏರೋಪ್ಲೇನ್ ಮೋಡ್ ಹಾಕಿ, ಲೊಕೇಶನ್ ಆನ್ ಇಟ್ಟು, ಆ್ಯಪನ್ನು ಪೂರ್ತಿ ಮುಚ್ಚಿ ತೆರೆಯಿರಿ.

ಕಳಿಸಿದ ಜಿಪಿಎಕ್ಸ್ ತೆರೆಯದಿದ್ದರೆ ಹೆಸರಿನ ಕೊನೆ ನೋಡಿ. ಎಷ್ಟೋ ಸಲ ಅದಕ್ಕೆ ಎಕ್ಸ್‌ಎಂಎಲ್ ಎಂಬ ಬಾಲ ಸೇರಿಕೊಂಡಿರುತ್ತದೆ, ಅದನ್ನು ಅಳಿಸಿದರೆ ಸರಿಹೋಗುತ್ತದೆ.

ಉತ್ತರ 3
ಕೆಳಗಿನ ನಕ್ಷೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆ್ಯಂಡ್ ಹಾಕಿಕೊಳ್ಳಿ. ಎರಡಕ್ಕೂ ಮೂಲ ಓಪನ್‌ಸ್ಟ್ರೀಟ್‌ಮ್ಯಾಪ್, ಕಾಲುದಾರಿಗಳು ಅದರಲ್ಲೇ ಹೆಚ್ಚು ಸಿಗುತ್ತವೆ. ಒಂದಕ್ಕೆ ಇಳಿಸಿದ ನಕ್ಷೆ ಇನ್ನೊಂದರಲ್ಲಿ ತೆರೆಯುವುದಿಲ್ಲ, ಇವುಗಳ ಫಾರ್ಮ್ಯಾಟ್ ಬೇರೆ ಬೇರೆ. ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ವಾಹನದ ದಾರಿ ಮಾತ್ರ ಹೇಳುತ್ತದೆ, ನಡಿಗೆಯ ದಾರಿ ಹೇಳುವುದಿಲ್ಲ.

ಉಪಗ್ರಹ ಚಿತ್ರವೂ ಬೇಕೆಂದರೆ ಎಂಬಿಟೈಲ್ಸ್ ಬರುತ್ತದೆ. ಸಾವಿರಾರು ಚೌಕ ಚಿತ್ರಗಳನ್ನು ಒಂದೇ ಡೇಟಾಬೇಸ್ ಫೈಲಿನಲ್ಲಿ ತುಂಬಿರುತ್ತಾರೆ. ಜೂಮ್ ಒಂದು ಹಂತ ಏರಿದರೆ ಚೌಕಗಳು ನಾಲ್ಕು ಪಟ್ಟಾಗುತ್ತವೆ ಎಂಬುದು ನೆನಪಿರಲಿ. ಭೂಮಧ್ಯರೇಖೆಯ ಬಳಿ 50 ಕಿ.ಮೀ. ಉದ್ದ, 50 ಕಿ.ಮೀ. ಅಗಲದ ಜಾಗಕ್ಕೆ ಜೂಮ್ 15ರಲ್ಲಿ ಸುಮಾರು 1,700 ಚೌಕ, 17ರಲ್ಲಿ ಸುಮಾರು 27,000, 18ರಲ್ಲಿ ಲಕ್ಷ ದಾಟುತ್ತದೆ. ಇಡೀ ಪ್ರದೇಶಕ್ಕೆ 15, ದಾರಿಯ ಅಕ್ಕಪಕ್ಕ ಮಾತ್ರ 17 ಇಟ್ಟುಕೊಂಡರೆ ಸಾಕು. ಮೆಮೊರಿ ಕಾರ್ಡ್ ಫ್ಯಾಟ್32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರ ಮೇಲೆ ಕೂರುವುದೇ ಇಲ್ಲ.

ಉತ್ತರ 4
ಬ್ಯಾಟರಿ ತಿನ್ನುವುದರಲ್ಲಿ ಮುಖ್ಯವಾದುದು ಪರದೆ, ಆಮೇಲೆ ಇಲ್ಲದ ಸಿಗ್ನಲ್ ಹುಡುಕುವ ರೇಡಿಯೊ. ಏರೋಪ್ಲೇನ್ ಮೋಡ್ ಹಾಕಿ, ಪರದೆ ಆರಿಸಿ ಜೇಬಿಗಿಡಿ, ಕವಲು ಬಂದಾಗ ತೆಗೆದು ನೋಡಿ. ನೀವು ನಡೆದ ದಾರಿ ದಾಖಲಿಸುವುದಾದರೆ ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ನಿರ್ಬಂಧ ತೆಗೆಯಿರಿ, ನಿಖರ ಲೊಕೇಶನ್‌ಗೆ ಅನುಮತಿ ಕೊಡಿ. ಇಲ್ಲದಿದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೆ ಫೋನು ಆ್ಯಪನ್ನು ನಿಲ್ಲಿಸಿಬಿಡುತ್ತದೆ, ದಾಖಲೆಯಲ್ಲಿ ಉದ್ದನೆಯ ನೇರ ಗೆರೆ ಬರುವುದು ಇದರಿಂದಲೇ.

ಉತ್ತರ 5
ಪಿಡಿಎಫ್ ಬಗ್ಗೆ ಯಾರೂ ಹೇಳಲಿಲ್ಲ. ಅದು ಜಿಯೋಪಿಡಿಎಫ್ (ಜಾಗದ ಅಕ್ಷಾಂಶ, ರೇಖಾಂಶ ಒಳಗೇ ಸೇರಿರುವ ಪಿಡಿಎಫ್) ಆಗಿದ್ದರೆ ಅವೆನ್ಝಾ ಮ್ಯಾಪ್ಸ್‌ನಲ್ಲಿ ನೀವಿರುವ ಚುಕ್ಕೆ ಅದರ ಮೇಲೇ ಕಾಣುತ್ತದೆ. ಬರೀ ಸ್ಕ್ಯಾನ್ ಆಗಿದ್ದರೆ ಅದು ಚಿತ್ರ ಮಾತ್ರ, ಕಂಪ್ಯೂಟರಿನಲ್ಲಿ ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಗೊತ್ತಿರುವ ಬಿಂದುಗಳಿಗೆ ಕೂರಿಸಬೇಕು. ನಾಲ್ಕು ಮೂಲೆಗಳ ಜೊತೆಗೆ ನಡುವೆಯೂ ಒಂದೆರಡು ಬಿಂದು ಕೊಡಿ. ಅಕ್ಷಾಂಶ, ರೇಖಾಂಶ ಎಣಿಸುವ ಆಧಾರಕ್ಕೆ ಡೇಟಮ್ ಎನ್ನುತ್ತಾರೆ, ಫೋನು ಬಳಸುವುದು ಡಬ್ಲ್ಯುಜಿಎಸ್84 ಎಂಬ ಡೇಟಮ್. ಹಳೆಯ ನಕ್ಷೆಗಳ ಡೇಟಮ್ ಬೇರೆ ಇರಬಹುದು, ಅದನ್ನು ಗಮನಿಸದಿದ್ದರೆ ಇಡೀ ನಕ್ಷೆ ನೂರಾರು ಮೀಟರ್ ಸರಿಯುತ್ತದೆ.

ಅಂಕಿಗಳನ್ನು ಕೈಯಾರೆ ಟೈಪ್ ಮಾಡುವವರು ಇನ್ನೂ ಜಾಗ್ರತೆಯಿಂದಿರಿ. 12 ಡಿಗ್ರಿ 30.45 ಮಿನಿಟು ಎಂದರೆ ದಶಮಾಂಶದಲ್ಲಿ 12.5075. ಅದನ್ನು 12.3045 ಎಂದು ಹಾಕಿದರೆ ಸುಮಾರು 22 ಕಿ.ಮೀ. ಆಚೆ ಹೋಗುತ್ತೀರಿ. ಕೆಎಂಎಲ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ಅದರಿಂದ ನಕಲಿಸಿ ಹುಡುಕುವಾಗ ಅದಲುಬದಲು ಮಾಡಿಕೊಳ್ಳಿ.

ಕೇಳಿದವರು
ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೊಂದು: ನಿಂತಾಗ ನಕ್ಷೆಯ ಬಾಣ ಎತ್ತೆತ್ತಲೋ ತಿರುಗುತ್ತದೆ, ಏಕೆ?

ಉತ್ತರ 1
ನಿಂತಾಗ ದಿಕ್ಕು ಹೇಳುವುದು ಜಿಪಿಎಸ್ ಅಲ್ಲ, ಫೋನಿನೊಳಗಿನ ದಿಕ್ಸೂಚಿ. ಕವರ್‌ನಲ್ಲಿ ಅಯಸ್ಕಾಂತವಿದ್ದರೆ ತೆಗೆಯಿರಿ, ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ನಾಲ್ಕಾರು ಸಲ ಆಡಿಸಿ. ಆಗಲೂ ನಂಬಿಕೆ ಬರದಿದ್ದರೆ ಹತ್ತಿಪ್ಪತ್ತು ಮೀಟರ್ ನಡೆದು ಚುಕ್ಕೆ ಯಾವ ಕಡೆ ಸರಿಯಿತು ನೋಡಿ. ಎರಡಕ್ಕೂ ತಾಳೆಯಾಗದಿದ್ದರೆ ಚುಕ್ಕೆ ಸರಿದ ದಿಕ್ಕನ್ನೇ ನಂಬಿ.