ಖಗೋಳ ಕ್ಲಬ್ಬಿನ ಹಳೇ ವೆಬ್‌ಸೈಟ್: ರಿಪೇರಿ ಮಾಡ್ಲಾ, ಕೆಡವಿ ಹೊಸದು ಕಟ್ಲಾ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಮ್ದೊಂದು ಸಣ್ಣ ಖಗೋಳ ಕ್ಲಬ್ ಇದೆ, ಎಂಟಿಂಚಿನ ಒಂದು ಡಾಬ್ಸೋನಿಯನ್ ಟೆಲಿಸ್ಕೋಪ್, ಲೆಕ್ಕಕ್ಕೆ ಇಪ್ಪತ್ತೈದು ಜನ, ಚಳೀಲಿ ನಿಜವಾಗ್ಲೂ ಬರೋರು ಎಂಟು ಜನ. ವೆಬ್‌ಸೈಟ್ 2003ರಲ್ಲಿ ಆಗಿನ ಮೆಂಬರೊಬ್ರು ಮಾಡಿದ್ದು. ಮೀಟಿಂಗಲ್ಲಿ "ಇದು ಫೋನಲ್ಲಿ ಓದಕ್ಕೇ ಆಗಲ್ಲ" ಅಂತ ಬಾಯಿಬಿಟ್ಟೆ, ಹಂಗಾದ್ರೆ ನೀನೇ ಸರಿ ಮಾಡು ಅಂದ್ರು.

ಕಪ್ಪು ಬ್ಯಾಕ್‌ಗ್ರೌಂಡ್, ಮಿಣಮಿಣ ಅನ್ನೋ ಜಿಫ್ ನಕ್ಷತ್ರ, ಹಳದಿ ಅಕ್ಷರದಲ್ಲಿ ಅಡ್ಡಡ್ಡ ಓಡೋ ಸುಸ್ವಾಗತ, ಕೆಳಗೆ ವಿಸಿಟರ್ ಕೌಂಟರ್. ಕನ್ನಡ ಎಲ್ಲ ಹಳೇ ನುಡಿ ಫಾಂಟಲ್ಲಿದೆ, ಆ ಫಾಂಟ್ ಇಲ್ದಿರೋ ಕಡೆ ತೆಗೆದ್ರೆ ಬರೀ ಕೊಂಬು ಬಾಲ ಬಂದಿರೋ ಇಂಗ್ಲಿಷ್ ಅಕ್ಷರ. ನಕ್ಷತ್ರ ನಕ್ಷೆ ಫ್ಲ್ಯಾಶಲ್ಲಿತ್ತು, 2020ರ ಕೊನೆಗೆ ಅಡೋಬಿಯವ್ರು ಫ್ಲ್ಯಾಶ್ ನಿಲ್ಲಿಸಿದ್ಮೇಲೆ ಆ ಜಾಗದಲ್ಲಿ ಒಂದು ಬೂದು ಡಬ್ಬ. ದುಡ್ಡಿಲ್ಲ, ನಂಗೆ ಎಚ್‌ಟಿಎಂಎಲ್ ಅಲ್ಪಸ್ವಲ್ಪ ಬರತ್ತೆ. ಸೈಟ್ ಕಟ್ಟೋ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಹಾಕ್ಬಿಡ್ಲಾ?

ಅಡಿಕೆಚಪ್ಪರ:
ಈ ಕಾಲದಲ್ಲಿ ವೆಬ್‌ಸೈಟ್ ಎಂಥಕ್ಕೆ ಮಾರಾಯ್ರೆ. ಎಂಟು ಜನಕ್ಕೆ ಒಂದು ವಾಟ್ಸಾಪ್ ಗ್ರೂಪ್ ಸಾಕು.

ರಾತ್ರಿಗೂಬೆ:
ನಾನು ಸಾಗರದವ್ನು, ಬೆಂಗಳೂರಲ್ಲಿ ಇದೇ ಕೆಲಸ. ಮೊದ್ಲು ಡಿಸೈನ್ ಬಿಡಿ ಸಾರ್, ಡೊಮೇನ್, ಅಂದ್ರೆ ಸೈಟಿನ ವಿಳಾಸ, ಯಾರ ಹೆಸ್ರಲ್ಲಿದೆ, ಯಾವ ಇಮೇಲಿಗೆ ರಿನ್ಯೂವಲ್ ಮೆಸೇಜ್ ಹೋಗ್ತಿದೆ ಅಂತ ಇವತ್ತೇ ನೋಡಿ. ನಂಗೆ ಗೊತ್ತಿರೋ ಒಂದು ಸಂಘದ ಡೊಮೇನ್ ಹಳೇ ಸೆಕ್ರೆಟರಿ ಇಮೇಲಲ್ಲಿತ್ತು, ಅವ್ರು ಪಾಸ್‌ವರ್ಡ್ ಮರ್ತಿದ್ರು, ಅವಧಿ ಮುಗೀತು, ಈಗ ಆ ವಿಳಾಸದಲ್ಲಿ ರಮ್ಮಿ ಜಾಹೀರಾತು ಬರತ್ತೆ. ಆಮೇಲೆ ಇರೋ ಸೈಟನ್ನ ಹಂಗಂಗೇ ಪೂರ್ತಿ ಕಾಪಿ ಮಾಡಿಟ್ಕೊಳ್ಳಿ, ಆ ಜಿಫ್ ನಕ್ಷತ್ರ ಸಮೇತ.

ವರ್ಡ್‌ಪ್ರೆಸ್ ಬೇಡ ಅಂತೀನಿ. ಅದು ಕೆಟ್ಟದ್ದಲ್ಲ, ಆದ್ರೆ ಪ್ಲಗಿನ್ ಅಪ್‌ಡೇಟ್ ಮಾಡ್ತಾ ಕೂರೋರು ಬೇಕು, ನಿಮ್ಮಲ್ಲಿ ಆ ಕೆಲಸ ಎರಡು ತಿಂಗಳು ನಡ್ದು ನಿಲ್ಲತ್ತೆ. ಹ್ಯೂಗೋ ಥರದ ಸಾಫ್ಟ್‌ವೇರಲ್ಲಿ ಸ್ಟ್ಯಾಟಿಕ್ ಪುಟ (ಒಂದ್ಸಲ ಮಾಡಿಟ್ರೆ ಹಂಗೇ ಇರೋ ಸಾದಾ ಪುಟ) ಮಾಡಿ ಗಿಟ್‌ಹಬ್ ಪೇಜಸ್ ಅನ್ನೋ ಹೋಸ್ಟಿಂಗಿಗೆ ಹಾಕಿ, ಬಿಟ್ಟಿ, ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ಸೂ ಅವ್ರೇ ಕೊಡ್ತಾರೆ.

ನಿಜವಾದ ಕೆಲಸ ಇರೋದು ನುಡಿಯಿಂದ, ಎಲ್ಲಾ ಫೋನಲ್ಲೂ ಓದಕ್ಕಾಗೋ ಯೂನಿಕೋಡ್‌ಗೆ ತರೋದ್ರಲ್ಲಿ. ಕನ್ವರ್ಟರ್ ಬಿಟ್ಟಿ ಸಿಗತ್ತೆ, ಆದ್ರೆ ಕಣ್ಮುಚ್ಚಿ ನಂಬ್ಬೇಡಿ. ಹಳೇ ಫಾಂಟಲ್ಲಿ ಇಂಗ್ಲಿಷ್ ಅಕ್ಷರದ ಕೋಡನ್ನೇ ಕನ್ನಡಕ್ಕೂ ಬಳಸಿರೋದ್ರಿಂದ ಲೇಖನದ ಮಧ್ಯೆ ಇಂಗ್ಲಿಷಲ್ಲಿ ಬರ್ದಿರೋ ಎಂ31 (ಆಂಡ್ರೊಮಿಡಾ ಗೆಲಾಕ್ಸಿ), ನಾಸಾ ಎಲ್ಲ ಅರ್ಥ ಇಲ್ದಿರೋ ಕನ್ನಡ ಆಗಿ ಬರತ್ತೆ. ಅರ್ಕಾವತ್ತು ಇರೋ ಕಡೆನೂ ನೋಡ್ಕೊಳ್ಳಿ, ನಿಮ್ಮ ಸೈಟಲ್ಲಿ ಸೂರ್ಯ, ಪೂರ್ಣಿಮೆ ಸಾಲುಸಾಲಿಗೂ ಇರತ್ತಲ್ಲ. ಇಂಗ್ಲಿಷ್ ಟೆಂಪ್ಲೇಟ್ ತಗೊಂಡ್ರೆ ಸಾಲಿನ ಅಂತರ ಜಾಸ್ತಿ ಮಾಡಿ, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆ ಮೇಲೆ ಕೂರತ್ತೆ.

ಹೊಸನಗರದ ಮೇಷ್ಟ್ರು:
ಅಡಿಕೆಚಪ್ಪರ ಅವ್ರೇ, ನಿಮ್ಮ ಗ್ರೂಪಲ್ಲಿ ನಾನಿಲ್ವಲ್ಲ. ಮಕ್ಕಳಿಗೆ ಟೆಲಿಸ್ಕೋಪ್ ತೋರ್ಸೋಣ ಅಂತ ಹುಡುಕಿದಾಗ ಶಿವಮೊಗ್ಗದಲ್ಲಿ ಇಂಥದೊಂದು ಕ್ಲಬ್ ಇದೆ ಅಂತ್ಲೇ ನಂಗೆ ಸಿಗ್ಲಿಲ್ಲ.

ನಂಗೆ ಬೇಕಾಗಿದ್ದು ಇಷ್ಟೇ: ಮುಂದಿನ ವೀಕ್ಷಣೆ ಯಾವತ್ತು, ಎಲ್ಲಿ, ಮೋಡ ಇದ್ರೆ ಯಾರಿಗೆ ಫೋನ್ ಮಾಡ್ಬೇಕು. ಅದು ಮೊದಲ ಪುಟದಲ್ಲಿ ಮೇಲೇ ಇರ್ಲಿ, ಸಂಸ್ಥಾಪಕರ ಫೋಟೋ ಆಮೇಲೆ. ಫೋಟೋ ಸಣ್ಣ ಸೈಜಲ್ಲಿ ಹಾಕಿ, ನಮ್ಮೂರಲ್ಲಿ ನೆಟ್‌ವರ್ಕ್ ಸಿಗೋದು ತೋಟದ ಬೇಲಿ ಹತ್ರ ಹೋಗಿ ನಿಂತ್ರೆ.

ಇನ್ನೊಂದು, ಎಲ್ಲಿಂದ್ಲೋ ತಂದ ಕ್ಯಾಲೆಂಡರ್ ಹಾಕ್ಬೇಡಿ. ಆಗಸ್ಟಲ್ಲಿ ಪರ್ಸೀಡ್ ಉಲ್ಕಾಪಾತ ನೋಡಿ ಅಂತ ಬರೀತಾರೆ, ಆಗ ಮಳೆ ಮೋಡದಲ್ಲಿ ನಾವು ಚಂದ್ರನ್ನ ನೋಡಿದ್ರೇ ಹೆಚ್ಚು. ನಮ್ಗೆ ಡಿಸೆಂಬರ್ 13-14ರ ಜೆಮಿನಿಡ್ ಸರಿ. ಸೂರ್ಯ ನೇರ ನೆತ್ತಿ ಮೇಲೆ ಬಂದು ನೆಟ್ಟಗಿರೋ ಕಂಬಕ್ಕೆ ನೆರಳೇ ಕಾಣದ ಶೂನ್ಯ ನೆರಳಿನ ದಿನಕ್ಕೂ ಬೆಂಗಳೂರಿನ ತಾರೀಖೇ ಹಾಕ್ತಾರೆ. ಶಿವಮೊಗ್ಗ ಇರೋದು ಸುಮಾರು 13.9 ಡಿಗ್ರಿ ಉತ್ತರದಲ್ಲಿ, ಹಂಗಾಗಿ ಏಪ್ರಿಲಲ್ಲಿ ಬೆಂಗಳೂರಿಗಿಂತ ಮೂರ್ನಾಲ್ಕು ದಿನ ತಡ, ಹೊತ್ತು ಮಧ್ಯಾಹ್ನ ಹನ್ನೆರಡೂ ಇಪ್ಪತ್ತೈದರ ಹತ್ರ. ಆಗಸ್ಟಲ್ಲೂ ಒಂದ್ಸಲ ಬರತ್ತೆ, ಅದು ನಮ್ಮ ಪಾಲಿಗಿಲ್ಲ.

ಮಳೆಗಾಲದಲ್ಲಿ ಸೈಟ್ ಖಾಲಿ ಬಿಡೋ ಬದ್ಲು ಮಳೆ ನಕ್ಷತ್ರದ ಬಗ್ಗೆ ಬರೀರಿ. ಆರಿದ್ರಾ ಮಳೆ ಅಂತ ಎಲ್ರೂ ಅಂತಾರೆ, ಆಗ ಸೂರ್ಯ ಆಕಾಶದಲ್ಲಿ ಆರಿದ್ರಾ ನಕ್ಷತ್ರದ ಕಡೆ ಇರ್ತಾನೆ, ಹಂಗಾಗಿ ಆರಿದ್ರಾ ಮಳೇಲಿ ಮೋಡ ಸರಿದ್ರೂ ಆರಿದ್ರಾ ಕಾಣಲ್ಲ ಅಂದಾಗ ನಮ್ಮ ಏಳನೇ ಕ್ಲಾಸ್ ಹುಡ್ಗ ಒಬ್ಬ "ಹಂಗಾದ್ರೆ ಯಾವಾಗ ಕಾಣತ್ತೆ ಸಾರ್" ಅಂತ ಜನವರಿವರೆಗೂ ಬೆನ್ನು ಬಿಡ್ಲಿಲ್ಲ. ಕೊನೆಗೆ ಮಹಾವ್ಯಾಧ ನಕ್ಷತ್ರಪುಂಜದ ಭುಜದಲ್ಲಿ ಕೆಂಪಗೆ ಇರೋದು ತೋರಿಸ್ದೆ.

ತುಂಗಾತೀರ:
ಮೇಷ್ಟ್ರೇ, ಇದು ನಮ್ಗೆ ಹೊಳೆದೇ ಇರ್ಲಿಲ್ಲ. ಮಳೆ ನಕ್ಷತ್ರದ ಪುಟ ನೀವೇ ಬರ್ದುಕೊಡಿ, ದಯವಿಟ್ಟು ಇಲ್ಲ ಅನ್ಬೇಡಿ.

ಗೂಬೆಯವ್ರು ಹೇಳಿದ್ಮೇಲೆ ನಿನ್ನೆ ರಾತ್ರಿ ಹಳೇ ಪುಟಗಳನ್ನ ಕನ್ವರ್ಟರಿಗೆ ಹಾಕ್ತಾ ಕೂತೆ. 2004ರ ಜೂನ್ 8ರ ಶುಕ್ರ ಸಂಕ್ರಮಣದ (ಶುಕ್ರ ಗ್ರಹ ಸೂರ್ಯನ ಮುಂದೆ ಹಾದು ಹೋಗೋದು) ವರದಿ ಸಿಕ್ತು. ಬೆಳಿಗ್ಗೆಯಿಂದ ಮೋಡ, ಶಾಲೆ ಮಕ್ಕಳು ಬಂದು ಕೂತಿದ್ರಂತೆ, ಮಧ್ಯಾಹ್ನ ನಾಕು ನಿಮಿಷ ಮೋಡ ಸರಿದಾಗ ಸರದಿ ತಪ್ಪಿಸಿ ಮೊದ್ಲು ಇಣುಕಿದ್ದು ಆಗಿನ ಅಧ್ಯಕ್ಷರು ಅಂತ ಸಿಟ್ಟಲ್ಲಿ ಬರ್ದಿದಾರೆ. ಮುಂದಿನದು 2117ಕ್ಕಲ್ವಾ, ಇದನ್ನ ಅಳಿಸೋ ಮಾತೇ ಇಲ್ಲ. ಡೊಮೇನ್ ಇನ್ನೂ ಆ ಮೆಂಬರ್ ಹೆಸ್ರಲ್ಲೇ ಇದೆ, ಈಗ ಮೈಸೂರಲ್ಲಿದಾರೆ, ಭಾನುವಾರ ಫೋನ್ ಮಾಡ್ತೀನಿ.

ಅಡಿಕೆಚಪ್ಪರ:
ಆಯ್ತಪ್ಪ, ನಾನು ಸೋತೆ. ಆ ಓಡೋ ಸುಸ್ವಾಗತ ಒಂದು ತೆಗೀರಿ, ಕೌಂಟರ್ ಇರ್ಲಿ. ಮೇಷ್ಟ್ರೇ, ಕೊಡಚಾದ್ರಿ ಕಡೆ ಬರೋದಿದ್ರೆ ನಮ್ಮ ಮನೆ ಅಂಗಳ ಇದೆ, ಅಡಿಕೆ ಒಣಗ್ಸೋದು ಮುಗಿದ್ಮೇಲೆ ಪೂರ್ತಿ ಖಾಲಿ, ಲೈಟಿನ ಕಾಟ ಇಲ್ಲ.