ಮಗಳಿಗೆ ಹೈದರಾಬಾದಿನ ಇಫ್ಲುವೇ ಬೇಕಂತೆ, ಅನುಭವ ಇದ್ದವರು ತಿಳಿಸಿ

ನೀರ್ಚಾಲಿನ ಅಪ್ಪ

ನಮಸ್ಕಾರ. ಮಗಳು ಹತ್ತರವರೆಗೆ ಕನ್ನಡ ಮೀಡಿಯಂ, ಪ್ಲಸ್ ಟು ಹ್ಯುಮಾನಿಟೀಸ್. ಕಾಸರಗೋಡಿನಲ್ಲೇ ಬಿ.ಕಾಂ. ಮಾಡು ಎಂದರೆ ಕೇಳುವುದಿಲ್ಲ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಕ್ಕೇ, ಅಂದರೆ ಇಫ್ಲುಗೇ ಹೋಗಬೇಕಂತೆ. ಅರ್ಜಿಗೆ ಭಾನುವಾರದವರೆಗೆ ಸಮಯ ಉಂಟು. ನನ್ನದು ಮೂರು ಪ್ರಶ್ನೆ. ಜರ್ಮನ್ ಮೊದಲು ಬರೆಯಬೇಕಾ, ಜಪಾನಿಯಾ? ಹಾಸ್ಟೆಲಿನಲ್ಲಿ ಸಸ್ಯಾಹಾರಿ ಹುಡುಗಿಗೆ ಊಟ ಆಗುತ್ತದಾ? ಡಿಗ್ರಿ ಮುಗಿದ ಮೇಲೆ ಎಂತ ಕೆಲಸ? ಅಡಿಕೆ ತೋಟಕ್ಕೆ ಹಳದಿ ರೋಗ ಹಿಡಿದಿದೆ. ಮೊದಲಿನ ಹಾಗೆ ಕಣ್ಣು ಮುಚ್ಚಿ ಖರ್ಚು ಮಾಡುವ ಸ್ಥಿತಿ ಇಲ್ಲ.

ಉಪ್ಪಳದ ಸಿಸ್ಟರ್

ಅಣ್ಣ, ಜರ್ಮನ್ ಅಂದಿರಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಎರಡು ವರ್ಷ ದುಡಿದು ಮಂಗಳೂರಿನ ಒಂದು ಕೋಚಿಂಗ್ ಸೆಂಟರಿಗೆ ಸೇರಿದೆ. ಹೆಸರು ಬೇಡ. ಜರ್ಮನ್ ಕಲಿಕೆಯ ಮೊದಲ ಹಂತ ಎ1ರಿಂದ ನಾಲ್ಕನೇ ಹಂತ ಬಿ2 ತನಕ 72,000 ರೂಪಾಯಿ, ಅಷ್ಟೂ ಮುಂಗಡ. ಎ2 ಮುಗಿಯುವಷ್ಟರಲ್ಲಿ ಮೇಡಂ ಬಿಟ್ಟು ಹೋದರು. ಅವರ ಜಾಗಕ್ಕೆ ಬಂದ ಹುಡುಗ ಆಗಷ್ಟೇ ಬಿ1 ಪಾಸಾದವನು. ಆಮೇಲೆ ಲಾಕ್‌ಡೌನ್. ಆಮೇಲೆ ಸೆಂಟರಿಗೇ ಬೀಗ. ಉಳಿದ ಹಣ ಕೇಳಲು ಹೋದರೆ ಆ ರೂಮಿನಲ್ಲಿ ಟೈಲರ್ ಕೂತಿದ್ದ.

ಬಿ2 ಪರೀಕ್ಷೆ ಬೆಂಗಳೂರಿನಲ್ಲಿ ಬರೆದೆ. ಮೊದಲ ಸಲ ಓದು 71, ಕೇಳುವುದು 64, ಬರೆಯುವುದು 58, ಮಾತು 49. ಪ್ರತಿಯೊಂದರಲ್ಲೂ 60 ಬೇಕು ಎಂದು ನಿಮಗೆ ಗೊತ್ತುಂಟಲ್ಲ. 58! ಆ ಎರಡು ಮಾರ್ಕಿಗೆ ಮತ್ತೆ ಫೀಸು, ಮತ್ತೆ ಬಸ್ಸು. ಎರಡನೇ ಸಲ ಮಾತಿನ ಪರೀಕ್ಷೆಯಲ್ಲಿ ನನ್ನ ಜೊತೆಗೆ ಕೂರಿಸಿದ ಹುಡುಗ ಬಾಯಿ ತೆರೆಯಲೇ ಬಿಡಲಿಲ್ಲ. ಇಬ್ಬರೂ ಸೇರಿ ಚರ್ಚೆ ಮಾಡಬೇಕಾದದ್ದು, ಅವನು ಯಕ್ಷಗಾನದ ಭಾಗವತರ ಹಾಗೆ ಒಬ್ಬನೇ ಎಳೆದ. ನನಗೆ 57. ನಾಲ್ಕನೇ ಸಲ 63 ಬಂತು. ರಾತ್ರಿ ಬಸ್ಸು, ರೂಮು, ಸಂಬಳ ಇಲ್ಲದ ರಜೆ, ಸರ್ಟಿಫಿಕೇಟುಗಳ ಅನುವಾದ, ಎಲ್ಲ ಡೈರಿಯ ಕೊನೆ ಪುಟದಲ್ಲಿ ಬರೆದಿಟ್ಟಿದ್ದೇನೆ. ಒಟ್ಟು 2,11,340 ರೂಪಾಯಿ. ಅಮ್ಮನ ಎರಡು ಬಳೆ ಇದರಲ್ಲಿ ಸೇರಿಲ್ಲ.

ಈಗ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇನೆ. ಬಂದ ಮೊದಲ ವಾರ ಅಜ್ಜಿಯೊಬ್ಬರು ಮಾತಾಡಿದ್ದು ಒಂದಕ್ಷರ ಅರ್ಥ ಆಗಲಿಲ್ಲ. ಪುಸ್ತಕದಲ್ಲಿ 'ಇಸ್ಟ್', ಇವರ ಬಾಯಲ್ಲಿ 'ಇಶ್'. ಬೆಂಗಳೂರಿನ ಕನ್ನಡ ಕಲಿತವರನ್ನು ತಂದು ಪೆರ್ಲದ ಹವ್ಯಕರ ಮನೆ ಜಗಲಿಯಲ್ಲಿ ಕೂರಿಸಿದ ಹಾಗೆ. ಭಾಷೆ ಒಂದರಿಂದ ಏನೂ ಆಗುವುದಿಲ್ಲ ಅಣ್ಣ. ಕೈಯಲ್ಲಿ ಒಂದು ಕಸುಬು ಇರಲಿ, ಅದಕ್ಕೆ ಭಾಷೆ ಜೋಡಿಸಿ.

ಪೆರ್ಲದ ತೋಟದವ

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು. ನನ್ನ ಮಗ ಫ್ರೆಂಚ್ ಮಾಡಿದ. ಇಫ್ಲು ಅಲ್ಲ, ಬೇರೆ ರಾಜ್ಯದ ಒಂದು ಖಾಸಗಿ ಕಡೆ. ವರ್ಷಕ್ಕೆ 1,35,000 ಫೀಸು, ಮೆಸ್ಸು ತಿಂಗಳಿಗೆ 5,200. 'ಅಡಿಷನಲ್' ಎಂದು ಪ್ರತಿ ಸೆಮಿಸ್ಟರಿಗೂ 8,000 ತೆಗೆದುಕೊಂಡರು, ಯಾವುದಕ್ಕೆ ಎಂದು ಇವತ್ತಿಗೂ ಗೊತ್ತಿಲ್ಲ. ಮೂರನೇ ವರ್ಷ ಎರಡು ಕ್ವಿಂಟಾಲ್ ಹಳೆ ಅಡಿಕೆ ಒಳ್ಳೆ ರೇಟಿಗೆ ಕಾಯದೆ ಮಾರಿದೆ. ಮಾರಿದ ಇಪ್ಪತ್ತು ದಿನಕ್ಕೆ ರೇಟು ಏರಿತು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೆಲಸ ಸಿಕ್ಕಿತು, ಇಲ್ಲ ಎನ್ನುವುದಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಪಾಳಿ, ಕೆನಡಾದವರ ಫೋನು ಎತ್ತುವುದು. ಇವನು ಕಲಿತದ್ದು ಪ್ಯಾರಿಸಿನ ಫ್ರೆಂಚ್, ಆ ಕಡೆಯಿಂದ ಬೈಯುವುದು ಕ್ವಿಬೆಕ್ಕಿನ ಫ್ರೆಂಚಿನಲ್ಲಿ. ಬೈದದ್ದು ಎಂತ ಎಂದು ಗೊತ್ತಾಗಲು ಆರು ತಿಂಗಳು ಬೇಕಾಯಿತಂತೆ. ಈಗ ಮನೆಯಲ್ಲೇ ಇದ್ದಾನೆ. ಮದ್ದು ಬಿಡಲು ಜನ ಸಿಗದಿದ್ದರೆ ಅವನೇ ದೋಟಿ ಹಿಡಿಯುತ್ತಾನೆ. ಫ್ರೆಂಚ್ ಬಲ್ಲ ಆಳು ಕೇರಳದಲ್ಲಿ ನನ್ನ ತೋಟಕ್ಕೆ ಮಾತ್ರ ಇರಬೇಕು.

ಮತ್ತೆ ಜರ್ಮನಿಗೆ ಹೋಗುವುದಾದರೆ ಬ್ಲಾಕ್ಡ್ ಅಕೌಂಟಿಗೆ 11,904 ಯೂರೊ ಕಟ್ಟಬೇಕು, ಅದನ್ನು ಯಾರೂ ಹೇಳುವುದಿಲ್ಲ.

ಉಪ್ಪಳದ ಸಿಸ್ಟರ್

ಅದು ಓದಲು ಹೋಗುವವರಿಗೆ, ಒಂದು ವರ್ಷದ ಖರ್ಚು ತೋರಿಸಲು. ಸಂಬಳಕ್ಕೆ ಹೋಗುವ ನರ್ಸಿಗೆ ಅಲ್ಲ. ಗೊತ್ತಿಲ್ಲದೆ ಹೆದರಿಸಬೇಡಿ.

ಬದಿಯಡ್ಕ ಟು ಬೆಂಗಳೂರು

ಇಲ್ಲಿ ಇಫ್ಲುವಿನಲ್ಲಿ ಓದಿದವನು ನಾನೊಬ್ಬನೇ ಎಂದು ಕಾಣುತ್ತದೆ. ಖಾಸಗಿ ಅಂಗಡಿಯನ್ನೂ ಅದನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ ಮಾರಾಯ್ರೆ. ಅದು 1958ರಲ್ಲಿ ಇಂಗ್ಲಿಷ್ ಮೇಷ್ಟ್ರುಗಳನ್ನು ತಯಾರು ಮಾಡಲು ಶುರುವಾದದ್ದು. ನಮ್ಮ ವಿ.ಕೃ. ಗೋಕಾಕರು ಅಲ್ಲಿ ನಿರ್ದೇಶಕರಾಗಿದ್ದರು. 1972ರಲ್ಲಿ ವಿದೇಶಿ ಭಾಷೆಗಳೂ ಹೆಸರಿಗೆ ಸೇರಿ ಸೀಫೆಲ್ ಆಯಿತು. 2007ರಿಂದ ಕೇಂದ್ರೀಯ ವಿಶ್ವವಿದ್ಯಾಲಯ. ಹಳಬರು ಈಗಲೂ ಸೀಫೆಲ್ ಎಂದೇ ಹೇಳುತ್ತಾರೆ. ಫೀಸು ಕೇಂದ್ರ ಸರಕಾರದ್ದು. ನನ್ನ ಅಪ್ಪ ಕಟ್ಟಿದ ಚಲನ್ ನೋಡಿ 'ಸೊನ್ನೆ ಬಿಟ್ಟು ಹೋಗಿದೆಯಾ' ಎಂದು ಕೇಳಿದ್ದರು.

ನಾನು ಜಪಾನಿ ಮಾಡಿದೆ. ಮೊದಲ ತಿಂಗಳು ಎಲ್ಲರೂ ವ್ಯಾಕರಣಕ್ಕೆ ಅಳುತ್ತಿದ್ದರು. ನನಗೆ ಅದು ಮನೆ ಮಾತಿನ ಹಾಗೆ ಕಂಡಿತು. ಕ್ರಿಯಾಪದ ಕೊನೆಗೆ ಬರುತ್ತದೆ. 'ಮನೆಗೆ ಹೋಗು' ಎನ್ನುವುದರಲ್ಲಿ 'ಗೆ' ಎಲ್ಲಿ ಕೂರುತ್ತದೋ ಅಲ್ಲೇ ಅವರ 'ನಿ' ಕೂರುತ್ತದೆ. ನಾವು ಪಟಪಟ, ಗಿಜಿಗಿಜಿ ಎಂದ ಹಾಗೆ ಅವರಿಗೂ ಕಿರಾಕಿರಾ, ಪೆಕೊಪೆಕೊ. ಮಿನುಗುವುದು ಒಂದು, ಹೊಟ್ಟೆ ಹಸಿಯುವುದು ಇನ್ನೊಂದು. ಕನ್ನಡ ಮೀಡಿಯಂ ನನಗೆ ಅಡ್ಡ ಬಂದದ್ದು ಇಂಗ್ಲಿಷ್ ಪೇಪರಿನಲ್ಲಿ ಮಾತ್ರ.

ಪೆಟ್ಟು ಬಿದ್ದದ್ದು ಜಪಾನಿ ಭಾಷಾ ಪರೀಕ್ಷೆಯ ಎನ್2 ಹಂತದಲ್ಲಿ. ಪಾಸಿಗೆ 180ಕ್ಕೆ 90 ಸಾಕು. ನನಗೆ 104. ಆದರೆ ಕೇಳುವ ವಿಭಾಗದಲ್ಲಿ 18! ಅಲ್ಲಿ ಕನಿಷ್ಠ 19 ಬೇಕು. ಒಂದು ಅಂಕ. ಪರೀಕ್ಷೆಯ ದಿನ ನಾನು ಕೂತ ಮೂಲೆಗೆ ಸ್ಪೀಕರಿನ ಶಬ್ದ ಗೋಡೆಗೆ ಬಡಿದು ಬರುತ್ತಿತ್ತು. ಮೇಲ್ವಿಚಾರಕರಿಗೆ ಹೇಳಿದೆ, ತಲೆ ಆಡಿಸಿದರು. ಜುಲೈ ಹೋಗಿ ಡಿಸೆಂಬರಿಗೆ ಬಿತ್ತು. ಅಷ್ಟರಲ್ಲಿ ಕೈಯಲ್ಲಿದ್ದ ಕೆಲಸದ ಕರೆ ಬೇರೆಯವನಿಗೆ ಹೋಯಿತು. ಐದು ತಿಂಗಳು ಬದಿಯಡ್ಕದಲ್ಲಿ ಕೂತು, 'ಜಪಾನಿಗೆ ಯಾವಾಗ ಹೊರಡುವುದು' ಎಂದು ಕೇಳುವವರಿಗೆಲ್ಲ ಉತ್ತರ ಕೊಟ್ಟೆ. ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದೆ.

ಈಗ ಒಂದು ಬಿಡಿಭಾಗದ ಫ್ಯಾಕ್ಟರಿಯಲ್ಲಿ ದುಭಾಷಿ. ಸಂಬಳ ಹೇಳುವುದಿಲ್ಲ, ಪೆರ್ಲದ ಅಣ್ಣನವರಿಗೆ ಬೇಸರ ಆದೀತು.

ಪೆರ್ಲದ ತೋಟದವ

ನನಗೆ ಯಾಕೆ ಬೇಸರ? ಮೊಬೈಲೇ ಈಗ ಅನುವಾದ ಮಾಡುತ್ತದೆ. ಇನ್ನು ಐದು ವರ್ಷ ಬಿಟ್ಟು ನಿಮ್ಮ ಸಂಬಳ ಹೇಳಿ.

ಬದಿಯಡ್ಕ ಟು ಬೆಂಗಳೂರು

ಮೊಬೈಲಿಗೆ 'ಕೆಂತೊ ಶಿಮಾಸು' ಎಂದು ಹೇಳಿ ನೋಡಿ. 'ಪರಿಶೀಲಿಸುತ್ತೇವೆ' ಎಂದು ಬರುತ್ತದೆ. ನಮ್ಮ ಮ್ಯಾನೇಜರ್ ಅದನ್ನೇ ನಂಬಿ ಆರ್ಡರ್ ಬಂತೆಂದು ಸ್ವೀಟ್ ಹಂಚಿದರು. ಅಲ್ಲಿ ಅದನ್ನು ಹೇಳಿದ ರೀತಿಗೆ ಅರ್ಥ 'ಬೇಡ' ಎಂದು. ನಮ್ಮಲ್ಲಿ ಹೆಣ್ಣು ನೋಡಿ ಹೋದವರು 'ಮನೆಗೆ ಹೋಗಿ ತಿಳಿಸುತ್ತೇವೆ' ಎನ್ನುವುದಿಲ್ಲವಾ? ಹಾಗೆಯೇ. ಭಾಷೆಯ ಜೊತೆಗೆ ಆ ಜನರ ನಡೆನುಡಿ ಕಲಿಸುವುದಕ್ಕೇ ಅಂಥ ವಿಶ್ವವಿದ್ಯಾಲಯ ಬೇಕಾದದ್ದು.

ಮಂಜೇಶ್ವರದ ನಿವೃತ್ತ ಮಾಷ್ಟ್ರು

ಎಲ್ಲ ಓದಿದೆ. ಒಬ್ಬರೂ ಮೂಲ ವಿಷಯಕ್ಕೆ ಬರಲಿಲ್ಲ. ಲೋಕದ ಭಾಷೆ ಕಲಿಯಲು ಹೈದರಾಬಾದಿಗೆ ಯಾಕೆ ಹೋಗಬೇಕು? ರಾಷ್ಟ್ರಕವಿ ಗೋವಿಂದ ಪೈಗಳು ಇದೇ ಮಂಜೇಶ್ವರದಲ್ಲಿ ಕೂತು ಗ್ರೀಕ್, ಲ್ಯಾಟಿನ್ ಕಲಿತರು. ಇಪ್ಪತ್ತೈದು ಭಾಷೆ ಬಲ್ಲವರು. ಯಾವ ಹಾಸ್ಟೆಲಿನಲ್ಲಿದ್ದರು?

ನನ್ನ ಮಗಳು ಕನ್ನಡ ಎಂ.ಎ. ಪಿ.ಎಸ್‌.ಸಿ. ರ‍್ಯಾಂಕ್ ಲಿಸ್ಟಿನಲ್ಲಿ ಹನ್ನೊಂದನೆಯವಳು. ನಾಲ್ಕು ಜನರನ್ನು ತೆಗೆದುಕೊಂಡರು, ಲಿಸ್ಟಿನ ಅವಧಿ ಮುಗಿಯಿತು. ಅದೇ ವರ್ಷ ಇಲ್ಲಿನ ಒಂದು ಕನ್ನಡ ಶಾಲೆಗೆ ಕನ್ನಡ ಓದಲು ಬರದ ಅಧ್ಯಾಪಕರು ಬಂದರು. ಮಕ್ಕಳು ಗಣಿತದ ಲೆಕ್ಕವನ್ನು ಓದಿ ಹೇಳಬೇಕು, ಅವರು ಮಲಯಾಳದಲ್ಲಿ ಬಿಡಿಸಬೇಕು. ನಾವು ಬಿಸಿಲಿನಲ್ಲಿ ಧರಣಿ ಕೂತೆವು. ನನಗೆ ಆಗ ಬಂದ ಕಾಲು ನೋವು ಇವತ್ತಿಗೂ ಹೋಗಿಲ್ಲ. ಗಡಿಯಲ್ಲಿ ಹುಟ್ಟಿದವರು ಮೊದಲು ತಮ್ಮ ಭಾಷೆ ಉಳಿಸಿಕೊಳ್ಳಬೇಕು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೇ ಕನ್ನಡ ಇದೆ, ಅಲ್ಲಿಗೆ ಕಳಿಸಿ.

ಇನ್ನು ಸಿಸ್ಟರ್ ಬರೆದದ್ದರ ಬಗ್ಗೆ. ಗಾಯ ಕಟ್ಟಲು ಬೇಕಾದ ಜರ್ಮನ್ ಬೇರೆ, ಸಾಹಿತ್ಯ ಓದುವ ಜರ್ಮನ್ ಬೇರೆ. ಎರಡನ್ನೂ ಕಲಸಬಾರದು.

ಉಪ್ಪಳದ ಸಿಸ್ಟರ್

ಮಾಷ್ಟ್ರೆ, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಡುತ್ತೇನೆ. ಸಾಯುವ ಹೊತ್ತಿನಲ್ಲಿ ಮನುಷ್ಯ ಎಂತ ಹೇಳುತ್ತಾನೆ ಎಂದು ಅರ್ಥ ಮಾಡಿಕೊಳ್ಳುವ ಜರ್ಮನ್ ನನ್ನದು. ಅದು ಯಾವ ಎಂ.ಎ. ಸಿಲೆಬಸ್ಸಿನಲ್ಲಿ ಉಂಟು ಎಂದು ನೀವೇ ಹೇಳಿ. ಗಾಯ ಕಟ್ಟುವುದಂತೆ.

ಮಂಜೇಶ್ವರದ ನಿವೃತ್ತ ಮಾಷ್ಟ್ರು

ನಾನು ಹಾಗೆ ಹೇಳಲಿಲ್ಲಮ್ಮ. ನೀವು ಕೋಪ ಮಾಡಿಕೊಂಡಿರಿ. ಜರ್ಮನರ ಮೇಲೆ ನನಗೆ ದ್ವೇಷ ಇಲ್ಲ. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಯಿತು. ನನ್ನ ಮೇಜಿನ ಮೇಲೆ ಈಗಲೂ ಉಂಟು. ತ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಆದರೆ 2015ರಲ್ಲಿ ಅದೇ ತ್ಯೂಬಿಂಗನ್‌ನಲ್ಲಿ ಕಿಟ್ಟೆಲರ ಹಾಗೆಯೇ ಮಿಶನರಿಯಾಗಿದ್ದ ಗುಂಡರ್ಟರ ಹೆಸರಿನಲ್ಲಿ ಪೀಠ ಬಂದದ್ದು ಯಾವುದಕ್ಕೆ? ಮಲಯಾಳಕ್ಕೆ! ನಾವು ಕಿಟ್ಟೆಲರಿಗೆ ಹಾರ ಹಾಕಿ ಫೋಟೊ ತೆಗೆಯುತ್ತೇವೆ, ಅಷ್ಟೆ.

ಕುಂಬಳೆ ಕಡಲು

ಮಲಯಾಳದವರು ತಮ್ಮ ಸರಕಾರದ ಬೆನ್ನು ಹತ್ತಿ ಮಾಡಿಸಿಕೊಂಡರು. ಅದರಲ್ಲಿ ತಪ್ಪೇನು ಮಾಷ್ಟ್ರೆ? ನನ್ನ ಮನೆ ಮಾತು ಬ್ಯಾರಿ, ಓದಿದ್ದು ಕನ್ನಡ, ಅಂಗಡಿಯಲ್ಲಿ ಮಲಯಾಳ, ಗಿರಾಕಿ ತುಳು, ದುಬೈಯಲ್ಲಿ ಹನ್ನೆರಡು ವರ್ಷ ಹಿಂದಿ ಮತ್ತು ಅರಬ್ಬಿ. ಒಂದಕ್ಕೂ ಸರ್ಟಿಫಿಕೇಟು ಇಲ್ಲ. ಅಲ್ಲಿ ಟೈಪಿಂಗ್ ಸೆಂಟರಿನಲ್ಲಿ ನನಗಿಂತ ಕಡಿಮೆ ಅರಬ್ಬಿ ಬಲ್ಲವನಿಗೆ ನನ್ನ ಎರಡರಷ್ಟು ಸಂಬಳ, ಅವನ ಹತ್ತಿರ ಅಫ್ಸಲುಲ್ ಉಲಮಾ ಎಂಬ ಅರಬ್ಬಿ ಕೋರ್ಸಿನ ಕಾಗದ ಇತ್ತು. ಹಾಗಾಗಿ ನೀರ್ಚಾಲಿನವರೇ, ಕಾಗದ ಮಾಡಿಸಿ. ಎಲ್ಲಿ ಬೇಕಾದರೂ ಮಾಡಿಸಿ.

ಮತ್ತೆ ಸಿಸ್ಟರ್, ನನ್ನ ತಂಗಿಯ ನಾದಿನಿ ಕೇರಳ ಸರಕಾರದ ನೋರ್ಕಾ ಸಂಸ್ಥೆಯವರ ಟ್ರಿಪಲ್ ವಿನ್ ಎಂಬ ನರ್ಸುಗಳ ಯೋಜನೆಯಲ್ಲಿ ಜರ್ಮನಿಗೆ ಹೋದಳು. ಭಾಷೆ ಕಲಿಸಿದ್ದಕ್ಕೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ನೀವು ಸುಮ್ನೆ ಎರಡು ಲಕ್ಷ ಕಳೆದುಕೊಂಡಿರಿ.

ಉಪ್ಪಳದ ಸಿಸ್ಟರ್

ನಾನು ಶುರು ಮಾಡಿದಾಗ ಅದು ಇರಲಿಲ್ಲ. ಆ ಒಪ್ಪಂದ ಆದದ್ದು 2021ರ ಕೊನೆಗೆ. ಇದನ್ನು ನನಗೆ ಹೇಳುವವರಲ್ಲಿ ನೀವು ನಲವತ್ತನೆಯವರು.

ಬದಿಯಡ್ಕ ಟು ಬೆಂಗಳೂರು

ಮಾಷ್ಟ್ರೆ, ಗೋವಿಂದ ಪೈಗಳ ಲೆಕ್ಕ ಇಪ್ಪತ್ತೈದಾ? ನಮ್ಮ ಶಾಲೆಯಲ್ಲಿ ಇಪ್ಪತ್ತೆರಡು ಎಂದು ಬಾಯಿಪಾಠ ಮಾಡಿಸಿದ್ದರು.

ಮಂಜೇಶ್ವರದ ನಿವೃತ್ತ ಮಾಷ್ಟ್ರು

ನಿಮ್ಮ ಶಾಲೆಯಲ್ಲಿ ತಪ್ಪು ಹೇಳಿದ್ದಾರೆ.

ಬದಿಯಡ್ಕ ಟು ಬೆಂಗಳೂರು

ಹೇಳಿದವರು ನಿಮ್ಮದೇ ಬ್ಯಾಚಿನವರು ಇರಬೇಕು.

ಪೆರ್ಲದ ತೋಟದವ

ಇಪ್ಪತ್ತೆರಡಾಗಲಿ, ಇಪ್ಪತ್ತೈದಾಗಲಿ, ಅವರಿಗೆ ಹಿರಿಯರ ಆಸ್ತಿ ಇತ್ತು. ಹಳದಿ ರೋಗ ಇರಲಿಲ್ಲ. ನೀರ್ಚಾಲಿನವರೇ, ನಿಮ್ಮದು ಎಷ್ಟು ಮರ ಹೋಯಿತು? ನಾನು ಕಳೆದ ವರ್ಷ 140 ಕಡಿಸಿದೆ. ಕಡಿಯಲು ಕೂಲಿ ಬೇರೆ. ಸಂಶೋಧನಾ ಕೇಂದ್ರ ಇಲ್ಲೇ ಕಾಸರಗೋಡಿನಲ್ಲಿ ಉಂಟು, ಸಿಪಿಸಿಆರ್‌ಐ. ಕೇಳಿದರೆ ಬುಡದಲ್ಲಿ ನೀರು ನಿಲ್ಲದ ಹಾಗೆ ನೋಡಿ, ಗೊಬ್ಬರ ಸರಿಯಾಗಿ ಕೊಡಿ ಎನ್ನುತ್ತಾರೆ. ಕಾಯಿಲೆ ಪೂರ್ತಿ ಹೋಗುವ ಮದ್ದು ಇಲ್ಲ.

ಕುಂಬಳೆ ಕಡಲು

ತೋಟದ ವಿಷಯಕ್ಕೆ ಬೇರೆ ಜಾಗ ಉಂಟು ಅಣ್ಣ. ಇಲ್ಲಿ ಹುಡುಗಿಯ ಓದು.

ಪೆರ್ಲದ ತೋಟದವ

ಹುಡುಗಿಯ ಓದಿಗೆ ಹಣ ಬರುವುದು ತೋಟದಿಂದ. ನಿಮ್ಮ ದುಬೈಯಿಂದ ಅಲ್ಲ.

ಉಪ್ಪಳದ ಸಿಸ್ಟರ್

ನೈಟ್ ಡ್ಯೂಟಿ ಮುಗಿಸಿ ಈಗ ನೋಡಿದೆ. ಒಂದು ವಿಷಯ ಬಿಟ್ಟು ಹೋಗಿತ್ತು. ನನ್ನ ಪಕ್ಕದ ವಾರ್ಡಿನ ಡಾಕ್ಟರಿಗೆ ತುಳು ಎಂಬ ಶಬ್ದ ಗೊತ್ತುಂಟು! ವೂರ್ಟ್ಸ್‌ಬುರ್ಗ್‌ನಲ್ಲಿ ಓದುವಾಗ ಅಲ್ಲಿನ ಹೈಡ್ರೂನ್ ಬ್ರೂಕ್ನರ್ ಎಂಬ ಪ್ರೊಫೆಸರ್ ನಮ್ಮ ತುಳುವಿನ ಕಥೆ ಹಾಡುಗಳಾದ ಪಾಡ್ದನಗಳ ಮೇಲೆ ಕೆಲಸ ಮಾಡುವುದನ್ನು ಕೇಳಿದ್ದರಂತೆ. 'ನಿನಗೆ ಪಾಡ್ದನ ಬರುತ್ತದಾ' ಎಂದು ಕೇಳಿದರು. ಅಜ್ಜಿ ನೇಜಿ ನೆಡುವಾಗ ಹೇಳುತ್ತಿದ್ದಳು, ನನಗೆ ನಾಲ್ಕು ಸಾಲು ಕೂಡ ಬರುವುದಿಲ್ಲ. ಬಿ2 ಮಾತಿನ ಪರೀಕ್ಷೆಯಲ್ಲೂ ನಾನು ಅಷ್ಟು ಸಣ್ಣವಳಾಗಿರಲಿಲ್ಲ. ಮಾಷ್ಟ್ರೆ, ಇದನ್ನು ನಿಮಗೆ ಸೋತೆನೆಂದು ಹೇಳುತ್ತಿಲ್ಲ.

ಮಂಜೇಶ್ವರದ ನಿವೃತ್ತ ಮಾಷ್ಟ್ರು

ಗೊತ್ತಾಯಿತಮ್ಮ. ಊರಿಗೆ ಬಂದಾಗ ಮನೆಗೆ ಬನ್ನಿ. ನಿಘಂಟು ತೋರಿಸುತ್ತೇನೆ.

ನೀರ್ಚಾಲಿನ ಅಪ್ಪ

ಎಲ್ಲರಿಗೂ ಧನ್ಯವಾದ. ರಾತ್ರಿ ಹನ್ನೊಂದರವರೆಗೆ ಕೂತು ಓದಿದೆ. ಜರ್ಮನ್ನಾ, ಜಪಾನಿಯಾ ಎಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಮಗಳು ಅವಳಷ್ಟಕ್ಕೆ ಅರ್ಜಿ ತುಂಬಿ ಕಳಿಸಿದ್ದಾಳೆ. ಮೊದಲ ಆಯ್ಕೆ ರಷ್ಯನ್ ಅಂತೆ. ಯಾಕೆ ಎಂದು ಕೇಳಿದರೆ ಅಕ್ಷರ ಚಂದ ಉಂಟು ಎನ್ನುತ್ತಾಳೆ. ಹಾಸ್ಟೆಲಿನ ಊಟದ ಬಗ್ಗೆ ಯಾರೂ ಹೇಳಲಿಲ್ಲ.

ಬದಿಯಡ್ಕ ಟು ಬೆಂಗಳೂರು

ರಷ್ಯನ್ನಾ?! ಊಟಕ್ಕೆ ತೊಂದರೆ ಇಲ್ಲ. ಖಾರಕ್ಕೆ ನಾನು ಮೊದಲ ವಾರ ಅತ್ತಿದ್ದೆ. ಉಪ್ಪಿನಕಾಯಿ ಕಳಿಸಬೇಡಿ, ಅಲ್ಲಿಯದೇ ಸಾಕು. ಕಾಸರಗೋಡಿನಿಂದ ಹೈದರಾಬಾದಿನ ಕಾಚಿಗುಡ ಸ್ಟೇಷನ್ನಿಗೆ ರೈಲು ದಿನಾ ಇಲ್ಲ, ಟಿಕೆಟ್ ಮೊದಲೇ ತೆಗೆಯಿರಿ.

ಮುಳ್ಳೇರಿಯದವ

ರಷ್ಯನ್ ಎಂದು ಕಂಡಿತು, ಅದಕ್ಕೆ ಬಂದೆ. ನನ್ನ ಭಾವನ ಮಗ ಎಂಬಿಬಿಎಸ್‌ಗೆ ರಷ್ಯಾಕ್ಕೆ ಹೋಗಿದ್ದ. ಪೂರ್ತಿ ಇಂಗ್ಲಿಷಿನಲ್ಲೇ ಕಲಿಸುತ್ತಾರೆ ಎಂದು ಏಜೆಂಟ್ ಹೇಳಿದ್ದ. ರೋಗಿಗಳು ಇಂಗ್ಲಿಷಿನಲ್ಲಿ ಕೆಮ್ಮುತ್ತಾರಾ? ಮೊದಲಿನಿಂದ ಹೇಳುತ್ತೇನೆ. ಏಜೆಂಟಿಗೆ ಮೊದಲ ಕಂತು ಕೊಟ್ಟದ್ದು 1,75,000 ರೂಪಾಯಿ...